ಬಲಗಿವಿ ಮಾತ್ರ ಯಾಕೆ ಗುಂಯ್ ಅನ್ನುತ್ತೆ? ಓಟ, ಬಸ್ಸು ಮತ್ತು ಕಿವಿಯೊಳಗಿನ ಪುಸ್ತಕ

ಪ್ರಶ್ನೆ

"ಮೇಡಂ, ನನಗೆ 42 ವರ್ಷ. ಮನೆ ಗದಗ, ಕೆಲಸ ಹುಬ್ಬಳ್ಳಿಯಲ್ಲಿ. ವಾರದಲ್ಲಿ ನಾಲ್ಕು ದಿನ ಬಸ್ಸಿಗೆ ಹೋಗುತ್ತೇನೆ, ಎರಡು ದಿನ ಬೈಕಿಗೆ. ಶುಗರ್ ಬಾರ್ಡರ್‌ನಲ್ಲಿದೆ ಅಂತ ಡಾಕ್ಟರ್ ಹೇಳಿದ ಮೇಲೆ ವರ್ಷದಿಂದ ಬೆಳಿಗ್ಗೆ ಐದೂವರೆಗೆ ಎದ್ದು ಓಡುತ್ತಿದ್ದೇನೆ. ವಾರಕ್ಕೆ ಐದು ದಿನ, ಸುಮಾರು 45 ನಿಮಿಷ. ಓಡುವಾಗ ಬೇಜಾರು ಆಗುತ್ತೆ ಅಂತ ಆಡಿಯೋ ಬುಕ್ ಕೇಳಲು ಶುರು ಮಾಡಿದೆ. ಈಗ ಬಸ್ಸಿನಲ್ಲೂ ಅದೇ, ಬೈಕ್ ಮೇಲೂ ಅದೇ. ವಾಹನಗಳ ಹಾರನ್ ಕೇಳಲಿ ಅಂತ ಸುರಕ್ಷತೆಗೆ ಬಲಗಿವಿಗೆ ಮಾತ್ರ ಇಯರ್‌ಬಡ್ ಹಾಕಿಕೊಳ್ಳುತ್ತೇನೆ. ಬಸ್ಸಿನಲ್ಲಿ ಕೂತಾಗಲೂ ಅದೇ ರೂಢಿ.

ಎರಡು ತಿಂಗಳಿಂದ ರಾತ್ರಿ ಮಲಗಿದಾಗ ಬಲಗಿವಿಯಲ್ಲಿ ಗುಂಯ್ ಅಂತ ಸದ್ದು. ಒಳಗೆ ತುರಿಕೆಯೂ ಇದೆ. ನಮ್ಮ ಅವ್ವ 'ಆ ವೈರಿಲ್ಲದ್ದನ್ನ ಹಾಕ್ಕೊಂಡು ತಲಿ ಕಾಯಿಸ್ಕೋಬ್ಯಾಡ' ಅಂತಾಳೆ. ಕಿವಿಗೆ ಬೆಚ್ಚಗಿನ ಎಣ್ಣೆ ಬಿಡ್ತೀನಿ ಅಂತಲೂ ಕೂತಿದ್ದಾಳೆ. ಆಫೀಸಿನ ಗೆಳೆಯರೊಬ್ಬರು 'ಬೋನ್ ಕಂಡಕ್ಷನ್ ತಗೋ, ಕಿವಿಗೆ ಏನೂ ಆಗಲ್ಲ' ಅಂತಾರೆ. ನನ್ನ ಹೆಂಡತಿ ಶಾಲಾ ಶಿಕ್ಷಕಿ. ಕೇಳಿದ್ದು ಓದಿದ ಹಾಗಲ್ಲ ಅಂತ ಅವಳ ವಾದ. ನಿಜ ಹೇಳಬೇಕೆಂದರೆ ಬಸ್ಸಿನಲ್ಲಿ ಕೇಳಿದ್ದು ಹುಬ್ಬಳ್ಳಿಯಲ್ಲಿ ಇಳಿಯುವಷ್ಟರಲ್ಲಿ ಅರ್ಧ ಮರೆತಿರುತ್ತದೆ. ಇದನ್ನೆಲ್ಲ ಬಿಟ್ಟುಬಿಡಬೇಕಾ?"

ಉತ್ತರ

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಹಾಗೇ ದಾಟಿಹೋದ ಒಂದು ಮಾತು ಎರಡನೇ ಸಲ ಕಣ್ಣಿಗೆ ಬಿತ್ತು. "ಸುರಕ್ಷತೆಗೆ ಬಲಗಿವಿಗೆ ಮಾತ್ರ." ಗುಂಯ್ ಅನ್ನುತ್ತಿರುವುದೂ ಬಲಗಿವಿ, ತುರಿಸುತ್ತಿರುವುದೂ ಬಲಗಿವಿ. ಪರೀಕ್ಷೆ ಮಾಡದೆ ಇದೇ ಕಾರಣ ಅಂತ ನಾನು ಹೇಳಲಾರೆ. ಆದರೆ ಹುಡುಕುವುದನ್ನು ಅಲ್ಲಿಂದಲೇ ಶುರು ಮಾಡೋಣ.

ಮೊದಲು ನಿಮ್ಮ ಭಯಕ್ಕೆ ಉತ್ತರ. ಪುಸ್ತಕ ಕೇಳುವುದನ್ನು ಬಿಡಬೇಕಾಗಿಲ್ಲ. ಎಲ್ಲಿ ಕೇಳುತ್ತೀರಿ ಅನ್ನುವುದನ್ನು ಬದಲಿಸಬೇಕು. ಒಂದು ಕಡೆ ಮಾತ್ರ ಪೂರ್ತಿ ಬಿಡಬೇಕು, ಅದನ್ನು ಆಮೇಲೆ ಹೇಳುತ್ತೇನೆ.

ಕಿವಿಯೊಳಗೆ ಏನಾಗುತ್ತದೆ ಅಂತ ಸ್ವಲ್ಪ ನೋಡೋಣ. ಸದ್ದು ಕಿವಿಯ ತಮಟೆಗೆ ತಾಗಿ, ಮೂರು ಪುಟ್ಟ ಎಲುಬುಗಳನ್ನು ದಾಟಿ, ಬಸವನ ಹುಳುವಿನ ಚಿಪ್ಪಿನ ಹಾಗೆ ಸುರುಳಿ ಸುತ್ತಿದ ಕಾಕ್ಲಿಯಾ ಅನ್ನುವ ಭಾಗಕ್ಕೆ ಹೋಗುತ್ತದೆ. ಅಲ್ಲಿ ಒಂದೊಂದು ಕಿವಿಗೆ ಸುಮಾರು 15,000 ಸೂಕ್ಷ್ಮ ಕೂದಲ ಕೋಶಗಳಿವೆ. ಕೂದಲು ಅಂದರೆ ತಲೆಗೂದಲು ಅಲ್ಲ, ಹುಲ್ಲಿನ ಎಸಳಿನ ಹಾಗೆ ನಿಂತಿರುವ ಜೀವಕೋಶದ ತುದಿಗಳು. ಸದ್ದು ಬಂದಾಗ ಇವು ಬಾಗಿ, ಮತ್ತೆ ನೆಟ್ಟಗಾಗುತ್ತವೆ. ಜೋಳದ ಹೊಲದಲ್ಲಿ ಗಾಳಿ ಬೀಸಿದಾಗ ದಂಟು ಬಾಗಿ ಏಳುವುದಿಲ್ಲವೇ, ಹಾಗೆ. ದಿನವೂ ಬಿರುಗಾಳಿ ಬೀಸಿದರೆ ಕೆಲವು ದಂಟು ಏಳುವುದೇ ಇಲ್ಲ. ಹೊಲಕ್ಕೆ ಮತ್ತೆ ಬಿತ್ತಬಹುದು. ಮನುಷ್ಯರ ಕಿವಿಯಲ್ಲಿ ಈ ಕೋಶ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಮೊದಲು ಹೋಗುವುದು ಸಾಮಾನ್ಯವಾಗಿ 4,000 ಹರ್ಟ್ಸ್ ಸುತ್ತಮುತ್ತಲಿನ ತೆಳು ಸದ್ದು. ಸ, ಶ, ಫ, ಥ ಅನ್ನುವ ಅಕ್ಷರಗಳು ಮಸುಕಾಗುತ್ತವೆ. "ಕೇಳಿಸ್ತದ, ಆದ್ರ ತಿಳಿಯಂಗಿಲ್ಲ" ಅಂತ ಬರುವವರು ಇವರೇ.

ಬೆಟಗೇರಿಯಿಂದ ಕಿವಿ ಪರೀಕ್ಷೆಗೆ ನನ್ನ ಹತ್ತಿರ ಪವರ್‌ಲೂಮ್‌ನಲ್ಲಿ ದುಡಿದ ಹಿರಿಯರು ಬರುತ್ತಿರುತ್ತಾರೆ. ಮೊದಮೊದಲು ಮಗ್ಗದ ಸದ್ದಿಗೆ ತಲೆ ಸಿಡಿಯುತ್ತಿತ್ತು, ಆಮೇಲೆ ಕಿವಿಗೆ ರೂಢಿ ಆಯಿತು ಅಂತ ಎಲ್ಲರೂ ಒಂದೇ ಮಾತು ಹೇಳುತ್ತಾರೆ. ಕಿವಿಗೆ ರೂಢಿ ಅನ್ನುವುದು ಇಲ್ಲ. ಸದ್ದು ಕಡಿಮೆ ಅನ್ನಿಸತೊಡಗಿದ್ದು ಕೇಳುವ ಶಕ್ತಿಯೇ ಕಡಿಮೆ ಆಗಿದ್ದಕ್ಕೆ. ನೀವು ಮೊದಲು ಇಡುತ್ತಿದ್ದ ವಾಲ್ಯೂಮ್ ಈಗ ಸಾಲುತ್ತಿಲ್ಲ ಅನ್ನಿಸುತ್ತಿದ್ದರೆ ಅದನ್ನು ನನಗೆ ಹೇಳಲೇಬೇಕು.

ಈಗ ಲೆಕ್ಕ. ದೊಡ್ಡವರಿಗೆ ವಾರಕ್ಕೆ 40 ಗಂಟೆ, 80 ಡೆಸಿಬಲ್ (ಸದ್ದಿನ ಜೋರಿನ ಅಳತೆ) ತನಕ ಕೇಳಬಹುದು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಮಕ್ಕಳಿಗೆ ಅದು 75. ಡೆಸಿಬಲ್ ಲೆಕ್ಕ ನಮ್ಮ ಮಾಮೂಲಿ ಲೆಕ್ಕದ ಹಾಗಲ್ಲ. 3 ಹೆಚ್ಚಾದರೆ ಕಿವಿಗೆ ಬೀಳುವ ಶಕ್ತಿ ಎರಡು ಪಟ್ಟು. ಅಂದರೆ ಸಮಯ ಅರ್ಧಕ್ಕೆ ಇಳಿಯುತ್ತದೆ. 83ಕ್ಕೆ 20 ಗಂಟೆ, 86ಕ್ಕೆ 10 ಗಂಟೆ, 89ಕ್ಕೆ 5 ಗಂಟೆ. ನಿಮ್ಮದನ್ನೇ ಕೂಡಿ ನೋಡಿ. ಓಟ ವಾರಕ್ಕೆ ಹತ್ತಿರ ಹತ್ತಿರ 4 ಗಂಟೆ. ಹೋಗಿ ಬರುವ ದಾರಿ ದಿನಕ್ಕೆ ಎರಡೂವರೆ ಗಂಟೆ ಅಂದುಕೊಂಡರೂ ಆರು ದಿನಕ್ಕೆ 15. ಒಟ್ಟು 19 ಗಂಟೆ. ಇದನ್ನೆಲ್ಲ 80ರ ಒಳಗೆ ಕೇಳಿದರೆ ಮಿತಿಯ ಅರ್ಧವೂ ಆಗುವುದಿಲ್ಲ. ಅದೇ 19 ಗಂಟೆ 89 ಡೆಸಿಬಲ್‌ನಲ್ಲಿ ಹೋದರೆ ವಾರದ ಪಾಲು ಎರಡನೇ ದಿನವೇ ಮುಗಿಯಿತು. ಬ್ಯಾಂಕ್ ಖಾತೆ ಆಗಿದ್ದರೆ ಓವರ್‌ಡ್ರಾಫ್ಟ್ ಕೊಡುತ್ತಿದ್ದರು, ಕಿವಿ ಕೊಡುವುದಿಲ್ಲ.

ಒಬ್ಬರು ಕೂತು ಕಥೆ ಓದುವುದಕ್ಕೆ 89 ಡೆಸಿಬಲ್ ಯಾರಿಗೆ ಬೇಕು ಅಂತ ನೀವು ಕೇಳಬಹುದು. ನಿಜ, ಮನೆಯಲ್ಲಿ ಬೇಡ. ಮಾತಿನಲ್ಲಿ ನಡುನಡುವೆ ಬಿಡುವು ಇರುತ್ತದೆ, ಸಂಗೀತದ ಹಾಗೆ ಒಂದೇ ಸಮ ಬಾರಿಸುವುದಿಲ್ಲ. ಸುಮ್ಮನಿರುವ ಕೋಣೆಯಲ್ಲಿ ಕೇಳಿದರೆ ಆಡಿಯೋ ಬುಕ್ ಹಾಡಿಗಿಂತ ಸೌಮ್ಯ. ತೊಂದರೆ ಬರುವುದು ಹಿಂದಿನ ಗದ್ದಲದಿಂದ. ಹಾಡಿನಲ್ಲಿ ಒಂದು ಸಾಲು ಕೇಳದಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ, ರಾಗ ಸಾಗುತ್ತಿರುತ್ತದೆ. ಕಥೆಯಲ್ಲಿ ಒಂದು ಮಾತು ತಪ್ಪಿದರೆ ಕೊಂಡಿ ಕಳಚಿತು. ಹಾಗಾಗಿ ಪ್ರತಿ ಅಕ್ಷರವೂ ಗದ್ದಲದ ಮೇಲೆ ಏಳಬೇಕು. ಗದಗ ಬಸ್ಸಿನ ಕಿಟಕಿ ಗಾಜು ಗಡಗಡ ಅನ್ನುತ್ತಿರುತ್ತದೆ, ಇಂಜಿನ್ ಗೊರಗುಡುತ್ತಿರುತ್ತದೆ, ಹುಲಕೋಟಿ ದಾಟುವಷ್ಟರಲ್ಲಿ ಪಕ್ಕದವರ ಫೋನಿನಲ್ಲಿ ರೀಲ್ಸ್ ಶುರು. ನಿಮ್ಮ ಬೆರಳು ನಿಮಗೆ ಗೊತ್ತಿಲ್ಲದೆ ವಾಲ್ಯೂಮ್ ಮೇಲೆ ಒತ್ತುತ್ತದೆ. ಅದೇ ಮಟ್ಟದಲ್ಲಿ ಫೋನ್ ಜೇಬಿಗೆ ಹೋಗುತ್ತದೆ, ಮರುದಿನ ಬೆಳಿಗ್ಗೆ ಓಡುವಾಗ ಅದೇ ಮಟ್ಟದಿಂದ ಶುರು.

ನನ್ನ ಮನೆ ಧಾರವಾಡದಲ್ಲಿ, ಕ್ಲಿನಿಕ್ ಹುಬ್ಬಳ್ಳಿಯಲ್ಲಿ. ಎರಡೂ ಊರಿನ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ ಓಡಾಡುತ್ತೇನೆ, ನಾನೂ ಕಾದಂಬರಿ ಕೇಳುತ್ತೇನೆ. ಎಸಿ ಬಸ್ಸು, ಕಿಟಕಿ ಮುಚ್ಚಿರುತ್ತದೆ, ಮನೆಯ ವಾಲ್ಯೂಮೇ ಹೆಚ್ಚುಕಡಿಮೆ ಸಾಕಾಗುತ್ತದೆ. ಒಂದು ದಿನ ಮಾಮೂಲಿ ಬಸ್ಸು ಹತ್ತಬೇಕಾಗಿ ಬಂತು. ಇಳಿಯುವಾಗ ನೋಡಿಕೊಂಡರೆ ವಾಲ್ಯೂಮ್ ಐದು ಗೆರೆ ಮೇಲೇರಿತ್ತು. ಏರಿಸಿದ ನೆನಪೇ ಇಲ್ಲ. ಇದೇ ಕೆಲಸ ಮಾಡುವ ನನ್ನ ಪಾಡೇ ಹೀಗೆ.

ಈಗ ನಿಮ್ಮ ಒಂದು ಕಿವಿಯ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಬಹಳ ಜನ ಇದನ್ನು ಜಾಣತನ ಅಂತ ನಂಬಿದ್ದಾರೆ.

ಎರಡೂ ಕಿವಿಗೆ ಒಂದೇ ಮಾತು ಬಿದ್ದಾಗ ಮೆದುಳು ಎರಡನ್ನೂ ಕೂಡಿಸಿಕೊಳ್ಳುತ್ತದೆ. ಕಡಿಮೆ ವಾಲ್ಯೂಮ್ ಕೂಡ ಗಟ್ಟಿಯಾಗಿ ಕೇಳಿಸುತ್ತದೆ. ಒಂದು ಬಡ್ ತೆಗೆದರೆ ಆ ಲಾಭ ಹೋಯಿತು. ಸಾಲದ್ದಕ್ಕೆ ತೆರೆದ ಎಡಗಿವಿಯಿಂದ ಬಸ್ಸಿನ ಗದ್ದಲ ಪೂರ್ತಿ ಒಳಗೆ ಬರುತ್ತದೆ. ಅದನ್ನು ಮೀರಿಸಲು ಬಲಗಿವಿಗೆ ಇನ್ನಷ್ಟು ಏರಿಸಬೇಕು. ಎರಡು ಎತ್ತು ಎಳೆಯುವ ಬಂಡಿಗೆ ಒಂದೇ ಎತ್ತು ಕಟ್ಟಿದ ಹಾಗೆ. ಅದೂ ವರ್ಷವಿಡೀ ಅದೇ ಎತ್ತು.

ಇನ್ನು ಸುರಕ್ಷತೆ. ಹಾರನ್ ಕೇಳಿದರೆ ಸಾಲದು, ಎಲ್ಲಿಂದ ಬಂತು ಅಂತ ಗೊತ್ತಾಗಬೇಕು. ಅದಕ್ಕೆ ಎರಡೂ ಕಿವಿ ಬೇಕು. ಬಲಗಡೆಯ ಸದ್ದು ಬಲಗಿವಿಗೆ ಒಂದು ಚೂರು ಮೊದಲು ತಲುಪುತ್ತದೆ, ಒಂದು ಚೂರು ಗಟ್ಟಿಯಾಗಿರುತ್ತದೆ. ಆ ವ್ಯತ್ಯಾಸ ಒಂದು ಸೆಕೆಂಡಿನ ಸಾವಿರದ ಒಂದು ಪಾಲಿಗಿಂತಲೂ ಕಡಿಮೆ. ಅಷ್ಟರಲ್ಲೇ ಮೆದುಳು ದಿಕ್ಕು ಹಿಡಿಯುತ್ತದೆ. ಒಂದು ಕಿವಿಗೆ ಬೂಚು ಹಾಕಿ, ಅದರಲ್ಲಿ ಕಥೆಯನ್ನೂ ಬಿಟ್ಟರೆ ಈ ಲೆಕ್ಕ ತಪ್ಪುತ್ತದೆ. ಲಾರಿ ಬಂದದ್ದು ಗೊತ್ತಾಗುತ್ತದೆ, ಯಾವ ಕಡೆಗೆ ಸರಿಯಬೇಕು ಅಂತ ಗೊತ್ತಾಗುವುದಿಲ್ಲ. ನೀವು ಆರಿಸಿಕೊಂಡಿರುವುದು ಬಲಗಿವಿ. ನಮ್ಮಲ್ಲಿ ಗಾಡಿಗಳು ಎಡಗಡೆ ಓಡುತ್ತವೆ, ಹಿಂದಿನವರು ದಾಟಿಕೊಂಡು ಹೋಗುವುದು ನಿಮ್ಮ ಬಲಗಡೆಯಿಂದ. ಮುಚ್ಚಬಾರದ ಕಿವಿ ಅಂತ ಒಂದಿದ್ದರೆ ಅದು ಇದೇ ಆಗಿತ್ತು!

ಹಾಗಾದರೆ ಬಡ್ ಎಡಗಿವಿಗೆ ಹಾಕಲೇ ಅಂತ ಕೇಳಬೇಡಿ. ಬೈಕ್ ಮೇಲೆ ಯಾವ ಕಿವಿಗೂ ಬೇಡ. ಪೂರ್ತಿ ಬಿಡಬೇಕು ಅಂದದ್ದು ಇದನ್ನೇ.

ಕಾರಣ ಎರಡು. ಒಂದು ಗಾಳಿ. 60–70 ಕಿ.ಮೀ. ವೇಗ ದಾಟಿದರೆ ಹೆಲ್ಮೆಟ್ ಒಳಗೆ ಗಾಳಿಯ ಸದ್ದೇ 90 ಡೆಸಿಬಲ್ ಹತ್ತಿರ ಹೋಗುತ್ತದೆ. ಅಣ್ಣಿಗೇರಿ ದಾಟಿದ ಮೇಲೆ ಬಯಲು, ಅಡ್ಡಗಾಳಿ ಬೇರೆ. ಅದರ ಮೇಲೆ ಕಥೆ ಕೇಳಿಸಬೇಕು ಅಂದರೆ ವಾಲ್ಯೂಮ್ ಎಲ್ಲಿರಬೇಕು ಯೋಚಿಸಿ. ನಿಮ್ಮ ಆರು ದಿನಗಳಲ್ಲಿ ಕಿವಿಗೆ ಅತಿ ಹೆಚ್ಚು ಏಟು ಬಿದ್ದಿರುವುದು ಈ ಎರಡು ದಿನ ಅಂತ ನನ್ನ ಅಂದಾಜು. ಎರಡನೆಯದು ಗಮನ. ಒಳ್ಳೆಯ ಕಥೆ ಮನಸ್ಸನ್ನು ಎಳೆದುಕೊಳ್ಳುತ್ತದೆ, ಅದಕ್ಕೇ ಅದು ಒಳ್ಳೆಯ ಕಥೆ. ಮನಸ್ಸು ಅಲ್ಲಿದ್ದಾಗ ಕಿವಿಗೆ ಬಿದ್ದ ಸದ್ದು ಕೂಡ ಗಮನಕ್ಕೆ ಬರದೆ ಹೋಗುತ್ತದೆ. ಹೊಲದ ದಾರಿಯಿಂದ ಟ್ರ್ಯಾಕ್ಟರ್ ಹೆದ್ದಾರಿಗೆ ಏರುವುದಕ್ಕೂ ಕಥೆಯಲ್ಲಿ ಕೊಲೆಗಾರ ಯಾರು ಅಂತ ತಿಳಿಯುವುದಕ್ಕೂ ಒಂದೇ ಗಳಿಗೆ ಆದರೆ ಏನು ಗತಿ? ಗಾಡಿ ಓಡಿಸುವಾಗ ಕೈಯಲ್ಲಿ ಫೋನ್ ಹಿಡಿದು ಬಳಸುವುದನ್ನು ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಅಪಾಯಕಾರಿ ಚಾಲನೆಯ ಸಾಲಿಗೆ ಸೇರಿಸಿದೆ. ಅಧ್ಯಾಯ ಬದಲಿಸಲು ನೀವು ಜೇಬಿನಿಂದ ಫೋನ್ ತೆಗೆದರೆ ಅದರಡಿ ಬಂದಿರಿ. ಆದರೆ ನಾನು ಹೇಳುತ್ತಿರುವುದು ದಂಡದ ಭಯಕ್ಕಲ್ಲ.

ಗೆಳೆಯರ ಬೋನ್ ಕಂಡಕ್ಷನ್ ಮಾತು ಅರ್ಧ ನಿಜ. ಈ ಹೆಡ್‌ಫೋನ್ ಕಿವಿಯ ಮುಂದಿನ ಎಲುಬಿನ ಮೇಲೆ ಕೂರುತ್ತದೆ, ಕಿವಿಯ ತೂತು ತೆರೆದೇ ಇರುತ್ತದೆ. ಬೆವರು ಒಳಗೆ ಕಟ್ಟಿಕೊಳ್ಳುವುದಿಲ್ಲ, ಹಿಂದಿನಿಂದ ಬರುವ ನಾಯಿಯ ಗುರ್ ಕೇಳಿಸುತ್ತದೆ. ನಿಮ್ಮ ಓಟಕ್ಕೆ ಒಳ್ಳೆಯದೇ. ಆದರೆ "ಕಿವಿಗೆ ಏನೂ ಆಗಲ್ಲ" ಅನ್ನುವುದು ಸುಳ್ಳು. ಸದ್ದು ತಮಟೆಯ ದಾರಿ ಬಿಟ್ಟು ತಲೆಬುರುಡೆಯ ದಾರಿಯಲ್ಲಿ ಹೋದರೂ ಮುಟ್ಟುವುದು ಅದೇ ಕಾಕ್ಲಿಯಾಕ್ಕೆ, ಅವೇ ಕೂದಲ ಕೋಶಗಳಿಗೆ. ಹೆದ್ದಾರಿಯಲ್ಲಿ ಹೋದರೂ ಹಳ್ಳಿ ದಾರಿಯಲ್ಲಿ ಹೋದರೂ ಊರು ಒಂದೇ ಅಲ್ವಾ? ಬಸ್ಸಿನಲ್ಲಿ ಅದನ್ನು ಹಾಕಿಕೊಂಡರೆ ಇನ್ನೂ ಕಷ್ಟ. ತೂತು ತೆರೆದಿರುವುದರಿಂದ ಗದ್ದಲಕ್ಕೆ ತಡೆಯೇ ಇರುವುದಿಲ್ಲ, ವಾಲ್ಯೂಮ್ ತುದಿಗೆ ಹೋಗುತ್ತದೆ. ಎಲುಬಿಗೆ ತಾಗದೆ ಕಿವಿಯ ಹೊರಗೆ ತೂಗುವ ತೆರೆದ ಇಯರ್‌ಫೋನ್‌ಗಳೂ ಈಗ ಸಿಗುತ್ತವೆ. ಲಾಭ ನಷ್ಟ ಎರಡೂ ಹೆಚ್ಚುಕಡಿಮೆ ಇವೇ.

ಅವ್ವನಿಗೆ ಸಮಾಧಾನ ಹೇಳಿ. ಬ್ಲೂಟೂತ್‌ನಿಂದ ತಲೆ ಕಾಯುವುದಿಲ್ಲ. ಫೋನ್ ಟವರ್ ಜೊತೆ ಮಾತಾಡಲು ಬಳಸುವ ಶಕ್ತಿಗೆ ಹೋಲಿಸಿದರೆ ಬಡ್ ಬಳಸುವುದು ಬಹಳ ಕಡಿಮೆ. ಅದರ ಅಲೆಗಳು ಎಕ್ಸ್‌ರೇ ಹಾಗೆ ಜೀವಕೋಶವನ್ನು ಒಡೆಯುವ ಜಾತಿಯವೂ ಅಲ್ಲ. ಆದರೆ "ಹಾಕ್ಕೋಬ್ಯಾಡ" ಅಂದದ್ದರಲ್ಲಿ ಅವ್ವನ ತೀರ್ಪು ಸರಿ, ಕಾರಣ ಮಾತ್ರ ಬೇರೆ. ಸದ್ಯಕ್ಕೆ ಆ ಬಡ್ ಹಾಕಿಕೊಳ್ಳಬೇಡಿ, ಯಾಕೆಂದರೆ ನಿಮ್ಮ ಕಿವಿ ತುರಿಸುತ್ತಿದೆ. ಎಣ್ಣೆ ಮಾತ್ರ ಖಂಡಿತ ಬೇಡ.

ಗುಗ್ಗೆ ಕೊಳೆ ಅಲ್ಲ. ಅದು ಕಿವಿಯ ಕಾವಲುಗಾರ. ಧೂಳು ಹಿಡಿಯುತ್ತದೆ, ಚರ್ಮಕ್ಕೆ ಪಸೆ ಕೊಡುತ್ತದೆ. ಆ ಚರ್ಮ ಒಳಗಿನಿಂದ ಹೊರಗೆ ನಿಧಾನವಾಗಿ ಸರಿಯುತ್ತಲೇ ಇರುತ್ತದೆ, ನಾವು ಅಗಿಯುವಾಗ ದವಡೆಯ ಅಲುಗಾಟವೂ ನೆರವಾಗುತ್ತದೆ, ಗುಗ್ಗೆ ತಾನಾಗೇ ಬಾಗಿಲಿಗೆ ಬಂದು ಬೀಳುತ್ತದೆ. ದಿನಕ್ಕೆ ಮೂರು ಗಂಟೆ ಬಾಗಿಲಿಗೆ ರಬ್ಬರ್ ಬೂಚು ಹಾಕಿದರೆ ಅದು ಹೊರಬರುವುದೆಲ್ಲಿಂದ? ಅದರ ಮೇಲೆ ಓಟದ ಬೆವರು. ಒದ್ದೆ, ಬೆಚ್ಚಗಿನ, ಗಾಳಿಯಾಡದ ಜಾಗ. ಬೂಷ್ಟಿಗೆ ಇದಕ್ಕಿಂತ ಒಳ್ಳೆಯ ಮನೆ ಬೇಕಾ? ಎಣ್ಣೆ ಬಿಟ್ಟರೆ ಆ ಪಸೆ ಇನ್ನೂ ಜಾಸ್ತಿ. ಕಡ್ಡಿ, ಪಿನ್ನು, ಬೈಕಿನ ಕೀಲಿ ಇವುಗಳಿಂದ ಕೆರೆದರೆ ಗುಗ್ಗೆ ತಮಟೆಯ ಕಡೆಗೆ ಒತ್ತಿಹೋಗುತ್ತದೆ, ಚರ್ಮಕ್ಕೆ ಗೀರು ಬೀಳುತ್ತದೆ. ಬಸ್ ಸ್ಟ್ಯಾಂಡ್ ಹತ್ತಿರ ಕಿವಿ ಸ್ವಚ್ಛ ಮಾಡಿಕೊಡುತ್ತೇವೆ ಅಂತ ಬರುವವರಿಗೆ ದೂರದಿಂದಲೇ ಕೈ ಮುಗಿಯಿರಿ.

ಶುಗರ್ ಬಾರ್ಡರ್ ಅಂದಿದ್ದೀರಿ. ಇದನ್ನು ಇಎನ್‌ಟಿ ಡಾಕ್ಟರ್‌ಗೆ ಮರೆಯದೆ ಹೇಳಿ. ಸಕ್ಕರೆ ಕಾಯಿಲೆ ಇರುವವರಿಗೆ ಕಿವಿಯ ಸೋಂಕು ಬೇಗ ಹತೋಟಿಗೆ ಬರುವುದಿಲ್ಲ, ಕೆಲವೊಮ್ಮೆ ಆಳಕ್ಕೆ ಇಳಿಯುತ್ತದೆ. ತುರಿಕೆ ಹೋಗಿ ನೋವು ಶುರುವಾದರೆ, ಕಿವಿ ಸೋರಿದರೆ ಒಂದು ದಿನವೂ ಕಾಯಬೇಡಿ.

ಇನ್ನು ಆ ಗುಂಯ್. ಜೋರು ಸದ್ದು ಕೇಳಿದ ದಿನ ಬಂದು ಮರುದಿನ ಹೋಗುವ ಗುಂಯ್, ಕೂದಲ ಕೋಶಗಳು ದಣಿದಿವೆ ಅನ್ನುವುದರ ಗುರುತು. ಗುಗ್ಗೆ ತಮಟೆಗೆ ಅಂಟಿಕೊಂಡಿದ್ದರೂ ಗುಂಯ್ ಅನ್ನುತ್ತದೆ, ಅದನ್ನು ತೆಗೆದರೆ ಅಲ್ಲಿಗೆ ಮುಗಿಯಿತು. ಆದರೆ ಎರಡು ತಿಂಗಳು ನಿಲ್ಲದ, ಒಂದೇ ಕಿವಿಯ ಗುಂಯ್ ಅನ್ನು ನಾವು ಹಾಗೇ ಬಿಡುವುದಿಲ್ಲ. ಬಹಳ ಅಪರೂಪಕ್ಕೆ ಕಿವಿಯ ನರದ ಮೇಲೆ ಬೆಳೆಯುವ ಗಡ್ಡೆಯ ಮೊದಲ ಗುರುತೂ ಇದೇ ಆಗಿರುತ್ತದೆ. ಹೆದರಿಸಲು ಹೇಳುತ್ತಿಲ್ಲ. ಒಂದು ಆಡಿಯೋಗ್ರಾಂ, ಅಂದರೆ ಕೇಳುವ ಶಕ್ತಿಯ ಪರೀಕ್ಷೆ, ಮಾಡಿದರೆ ಎರಡೂ ಕಿವಿಯ ಗೆರೆ ಪಕ್ಕಪಕ್ಕ ಕಾಣುತ್ತದೆ, ಮುಂದಿನ ಪರೀಕ್ಷೆ ಬೇಕೋ ಬೇಡವೋ ಅಲ್ಲಿ ಗೊತ್ತಾಗುತ್ತದೆ. ಇನ್ನೊಂದು ಮಾತು. ಯಾವತ್ತಾದರೂ ಒಂದು ಕಿವಿ ಇದ್ದಕ್ಕಿದ್ದ ಹಾಗೆ ಮಂಕಾದರೆ, ನೆಗಡಿ ಇರಬೇಕು ಅಂತ ವಾರ ಕಾಯಬೇಡಿ. ನರದ ತೊಂದರೆಯಾಗಿದ್ದರೆ ಔಷಧಿ ಮೊದಲ ಕೆಲವು ದಿನಗಳಲ್ಲೇ ಶುರುವಾಗಬೇಕು. ತಡವಾಗಿ ಬಂದವರ ಮುಂದೆ ಕೂತು ಉತ್ತರ ಹೇಳುವುದು ನನ್ನ ಕೆಲಸದಲ್ಲಿ ಅತ್ಯಂತ ಬೇಸರದ ಹೊತ್ತು.

ರಾತ್ರಿ ಮಾತ್ರ ಯಾಕೆ ಅಂದರೆ, ಹಗಲು ಅದು ಉಳಿದ ಸದ್ದಿನಲ್ಲಿ ಮುಳುಗಿರುತ್ತದೆ. ಪರೀಕ್ಷೆ ಆಗುವ ತನಕ ಫ್ಯಾನ್ ಹಾಕಿಕೊಂಡು ಮಲಗಿ. ಪೂರ್ತಿ ನಿಶ್ಶಬ್ದಕ್ಕಿಂತ ಸಣ್ಣ ಸದ್ದು ಇದ್ದರೆ ನಿದ್ದೆ ಬರುತ್ತದೆ.

ನಿಮ್ಮ ಹೆಂಡತಿಯ ಮಾತಿಗೆ ಬರುತ್ತೇನೆ. ಗಂಡ ಹೆಂಡತಿ ನಡುವೆ ಬರಬಾರದು, ಆದರೂ ಕೇಳಿದ್ದೀರಲ್ಲ. ಕಣ್ಣಿನಿಂದ ಬಂದರೂ ಕಿವಿಯಿಂದ ಬಂದರೂ ಕಥೆಯ ಅರ್ಥವನ್ನು ಮೆದುಳು ಬಹುಪಾಲು ಒಂದೇ ಜಾಗಗಳಲ್ಲಿ ಹಿಡಿಯುತ್ತದೆ. ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಸ್ಕ್ಯಾನ್ ಮಾಡಿ ಇದನ್ನು ತೋರಿಸಿದರು. ಅಷ್ಟು ದೂರ ಯಾಕೆ, ನಿಮ್ಮ ಗದಗದ ವೀರೇಶ್ವರ ಪುಣ್ಯಾಶ್ರಮವನ್ನೇ ನೋಡಿ. ಕಣ್ಣು ಕಾಣದ ಎಷ್ಟು ಮಕ್ಕಳು ಅಲ್ಲಿ ಕಿವಿಯಿಂದಲೇ ವಿದ್ಯೆ ಕಲಿತು ವಿದ್ವಾಂಸರಾದರು! ಅವರದು ಕಡಿಮೆ ಕಲಿಕೆ ಅಂತ ಯಾರು ಹೇಳುತ್ತಾರೆ? ಶ್ರಾವಣದಲ್ಲಿ ಮಠದ ಪುರಾಣ ಕೇಳಿದ ನಮ್ಮ ಅಜ್ಜಿಯರಿಗೆ ಕಥೆ ಸಾಲು ಸಾಲಾಗಿ ನೆನಪಿರುತ್ತಿತ್ತು. 1950ರಲ್ಲಿ ಧಾರವಾಡದಲ್ಲಿ ಆಕಾಶವಾಣಿ ಶುರುವಾದ ಮೇಲೆ ಈ ಸೀಮೆಯ ಎಷ್ಟೋ ಮನೆಗಳಲ್ಲಿ ನಾಟಕ ಅಂದರೆ ಕೇಳುವುದೇ ಆಗಿತ್ತು.

ಆದರೆ ಟೀಚರ್ ಮಾತಿನಲ್ಲೂ ಹುರುಳಿದೆ. ಪುಟದ ಮೇಲೆ ಕಣ್ಣು ತಡೆದು ನಿಲ್ಲುತ್ತದೆ, ಹಿಂದಿನ ಸಾಲಿಗೆ ಹೋಗಿ ಬರುತ್ತದೆ. ಕಿವಿಗೆ ಆ ಅನುಕೂಲ ಇಲ್ಲ, ಕಥೆ ತನ್ನ ಪಾಡಿಗೆ ಮುಂದೆ ಹೋಗುತ್ತದೆ. ಪರೀಕ್ಷೆಗೆ ಓದುವಂಥದ್ದು, ಲೆಕ್ಕಾಚಾರ ಇರುವಂಥದ್ದು ಕಣ್ಣಿಗೇ ಇರಲಿ.

ಮತ್ತೆ ನಿಮ್ಮ ಮರೆವು? ಅದೂ ಬಸ್ಸಿನ ಗದ್ದಲದ್ದೇ ಕೆಲಸ. ಗದ್ದಲದಲ್ಲಿ ಹತ್ತು ಅಕ್ಷರದಲ್ಲಿ ಏಳು ಕೇಳಿಸುತ್ತದೆ ಅಂದುಕೊಳ್ಳಿ. ಉಳಿದ ಮೂರನ್ನು ಮೆದುಳು ಊಹೆಯಿಂದ ತುಂಬಿಸುತ್ತದೆ. ಕಥೆ ಅರ್ಥವಾಯಿತು ಅನ್ನಿಸುತ್ತದೆ. ಆದರೆ ತುಂಬಿಸುವ ಕೆಲಸಕ್ಕೇ ಶಕ್ತಿ ಖರ್ಚಾಗಿ, ನೆನಪಿನಲ್ಲಿ ಇಟ್ಟುಕೊಳ್ಳಲು ಉಳಿಯುವುದು ಕಡಿಮೆ. ಬಸ್ಸಿಳಿದಾಗ ಕಿವಿ ಅಲ್ಲ, ತಲೆ ದಣಿದಿರುತ್ತದೆ. ನಿಮ್ಮ ಗುಂಯ್‌ಗೂ ಮರೆವಿಗೂ ಬೇರೆ ಬೇರೆ ಮದ್ದು ಹುಡುಕುವ ಮೊದಲು ಈ ಗದ್ದಲವನ್ನು ಕಡಿಮೆ ಮಾಡಿ ನೋಡಿ.

ಕಡಿಮೆ ಮಾಡುವುದು ಹೇಗೆ? ಬಸ್ಸಿನಲ್ಲಿ ನಿಮಗೆ ಅಪಾಯ ಇಲ್ಲ, ಓಡಿಸುವುದು ಡ್ರೈವರ್. ಅಲ್ಲಿ ಎರಡೂ ಕಿವಿ ಮುಚ್ಚಿಕೊಳ್ಳಬಹುದು, ಮುಚ್ಚಿಕೊಳ್ಳಬೇಕು. ಪರೀಕ್ಷೆ ಆಗಿ ತುರಿಕೆ ವಾಸಿಯಾದ ಮೇಲೆ ನಾಯ್ಸ್ ಕ್ಯಾನ್ಸಲೇಷನ್ ಇರುವ ಹೆಡ್‌ಫೋನ್ ತೆಗೆದುಕೊಳ್ಳಿ. ಅದರ ಮೈಕು ಹೊರಗಿನ ಸದ್ದನ್ನು ಹಿಡಿದು, ಅದಕ್ಕೆ ಉಲ್ಟಾ ಅಲೆ ಹುಟ್ಟಿಸಿ, ಎರಡನ್ನೂ ವಜಾ ಮಾಡುತ್ತದೆ. ಇಂಜಿನ್ನಿನ ಒಂದೇ ಸಮನೆಯ ಗೊರಗೊರಕ್ಕೆ ಇದು ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ, ಪಕ್ಕದವರ ಮಾತಿಗೆ ಅಷ್ಟಾಗಿ ಅಲ್ಲ. ಕಿವಿಯ ಮೇಲೆ ಪೂರ್ತಿ ಕೂರುವ ದೊಡ್ಡದಾದರೆ ತೂತಿಗೆ ಬೂಚು ಹಾಕಿದ ಹಾಗೂ ಆಗುವುದಿಲ್ಲ, ಆದರೆ ಬೇಸಿಗೆಯಲ್ಲಿ ಸೆಕೆ. ದುಬಾರಿ ಅನ್ನಿಸಿದರೆ ಕಿವಿಗೆ ಸರಿಯಾಗಿ ಕೂರುವ ಮೆತ್ತನೆ ತುದಿಯ ವೈರ್ ಇಯರ್‌ಫೋನ್ ಕೂಡ ಸಾಕಷ್ಟು ಗದ್ದಲ ತಡೆಯುತ್ತದೆ. ತುದಿಯನ್ನು ಆಗಾಗ ಸೋಪಿನ ನೀರಲ್ಲಿ ತೊಳೆದು, ಪೂರ್ತಿ ಒಣಗಿಸಿ ಹಾಕಿಕೊಳ್ಳಿ. ಮನೆಯವರ ಜೊತೆ ಹಂಚಿಕೊಳ್ಳಬೇಡಿ. ಇದರ ಅಪಾಯ ಒಂದೇ, ಬಸ್ಸಿಳಿದ ಮೇಲೂ ಹಾಗೇ ನಡೆಯುವುದು. ಹುಬ್ಬಳ್ಳಿಯ ಹೊಸೂರಿನಲ್ಲಿ ಇಳಿದು ಚಿಗರಿ ಬಸ್ಸಿನ ಲೇನ್ ದಾಟುವವರನ್ನು ದಿನಾ ನೋಡುತ್ತೇನೆ. ಕಿವಿ ಮುಚ್ಚಿದೆ, ಕಣ್ಣು ಫೋನಿನಲ್ಲಿದೆ. ಆ ಬಸ್ಸು ತನ್ನದೇ ದಾರಿಯಲ್ಲಿ ಬರುತ್ತದೆ, ನಿಧಾನ ಮಾಡುವ ಅಭ್ಯಾಸ ಅದಕ್ಕೆ ಇಲ್ಲ. ಸೀಟಿನಿಂದ ಏಳುವ ಮೊದಲೇ ತೆಗೆದು ಚೀಲಕ್ಕೆ ಹಾಕಿ.

ಓಟಕ್ಕೆ ಬೇರೆ ಲೆಕ್ಕ. ನಿಮ್ಮ ರಬ್ಬರ್ ಬಡ್ ಹಾಕಿಕೊಂಡು ಓಡಿದಾಗ ತಲೆಯೊಳಗೆ ದಬ್ ದಬ್ ಅಂತ ಹೆಜ್ಜೆ ಸದ್ದು, ಬುಸ್ ಬುಸ್ ಅಂತ ಉಸಿರು ಕೇಳಿಸಿರಬೇಕು. ತೂತು ಮುಚ್ಚಿದಾಗ ಮೈಯೊಳಗಿನ ಸದ್ದು ಹೊರಹೋಗಲಾರದೆ ಅಲ್ಲೇ ದೊಡ್ಡದಾಗುತ್ತದೆ. ಬೆಳಿಗ್ಗೆ ಐದೂವರೆಯ ಮೌನದಲ್ಲೂ ವಾಲ್ಯೂಮ್ ಏರಿಸಲು ಇದೊಂದು ಕಾರಣ. ಇಲ್ಲಿಗೆ ಗೆಳೆಯರು ಹೇಳಿದ ಬೋನ್ ಕಂಡಕ್ಷನ್ ಸರಿಯಾಗುತ್ತದೆ. ಆದರೆ ಗಾಡಿ ಓಡಾಡದ ಜಾಗದಲ್ಲಿ ಓಡಿ. ಮೈದಾನದ ಸುತ್ತು, ಭೀಷ್ಮ ಕೆರೆಯ ದಂಡೆ, ಹುಬ್ಬಳ್ಳಿಯಲ್ಲಾದರೆ ಉಣಕಲ್ ಕೆರೆ, ಧಾರವಾಡದಲ್ಲಾದರೆ ವಿಶ್ವವಿದ್ಯಾಲಯದ ಆವರಣ. ರಸ್ತೆ ಮೇಲೆ ಓಡಲೇಬೇಕಾದ ದಿನ ಪುಸ್ತಕ ಬೇಡ. ಫುಟ್‌ಪಾತ್ ಇಲ್ಲದ ಕಡೆ ರಸ್ತೆಯ ಬಲಬದಿಯಲ್ಲಿ, ಎದುರು ಬರುವ ಗಾಡಿ ಕಾಣುವ ಹಾಗೆ ಓಡಿ. ಕತ್ತಲಲ್ಲಿ ತಿಳಿ ಬಣ್ಣದ ಅಂಗಿ ಇರಲಿ.

ಓಡುವಾಗ ಯಾವ ಪುಸ್ತಕ? ಇದು ನನ್ನ ಸ್ವಂತ ಅಭಿಪ್ರಾಯ. ಒಮ್ಮೆ ಓದಿದ ಕಾದಂಬರಿಯನ್ನೇ ಕೇಳಿ. ಗೊತ್ತಿರುವ ಕಥೆ ಗಮನವನ್ನು ಪೂರ್ತಿ ಕಿತ್ತುಕೊಳ್ಳುವುದಿಲ್ಲ, ಎರಡು ನಿಮಿಷ ತಪ್ಪಿದರೂ ನಷ್ಟವಿಲ್ಲ. ಪ್ರಬಂಧ, ಆತ್ಮಕಥೆ, ಹರಟೆ ಕೂಡ ಚೆನ್ನ. ಹೊಸ ಪತ್ತೇದಾರಿ ಬಸ್ಸಿಗೆ ಇರಲಿ. ಏದುಸಿರು ಬಿಡುತ್ತಾ ಓಡುವ ದಿನ ಏನೂ ಬೇಡ, ಆಗ ಯಾವ ಪುಸ್ತಕವೂ ತಲೆಗೆ ಹೋಗುವುದಿಲ್ಲ.

ವಾಲ್ಯೂಮ್ ಎಷ್ಟಿರಬೇಕು ಅಂತ ಎಲ್ಲರೂ ಕೇಳುತ್ತಾರೆ. ಪೂರ್ತಿ ವಾಲ್ಯೂಮಿನ ಶೇಕಡಾ 60 ಅನ್ನುವ ಸೂತ್ರ ಅಂದಾಜಿಗೆ ಸರಿ. ಆದರೆ ಒಂದು ಫೋನಿನ 60 ಇನ್ನೊಂದರ 60 ಅಲ್ಲ, ಇಯರ್‌ಫೋನ್ ಬದಲಾದರೆ ಮತ್ತೆ ಬೇರೆ. ನಾನು ಹೇಳುವುದು ಇದು. ರಾತ್ರಿ ಮನೆಯಲ್ಲಿ, ಟಿವಿ ಆರಿಸಿ, ಮಾತು ಸ್ಪಷ್ಟವಾಗಿ ಕೇಳುವ ಅತಿ ಕಡಿಮೆ ಮಟ್ಟ ಹುಡುಕಿ. ಎಷ್ಟು ಗೆರೆ ಅಂತ ನೆನಪಿಡಿ. ಹೊರಗೆ ಅದಕ್ಕಿಂತ ಎರಡು ಗೆರೆ ಜಾಸ್ತಿ ಆಗಲಿ, ಅಷ್ಟೇ. ಅಷ್ಟಕ್ಕೂ ಕೇಳಿಸದ ಜಾಗ ಪುಸ್ತಕದ ಜಾಗ ಅಲ್ಲ, ಕಿಟಕಿ ಆಚೆ ನೋಡುತ್ತಾ ಕೂರಿ. ಐಫೋನ್ ಆದರೆ ಹೆಲ್ತ್ ಆ್ಯಪ್‌ನಲ್ಲಿ ವಾರದ ಸದ್ದಿನ ಲೆಕ್ಕವೇ ಇರುತ್ತದೆ.

ಈಗ ನೀವು ಮಾಡಬೇಕಾದ್ದು. ಇವತ್ತಿನಿಂದ ಬಲಗಿವಿಗೆ ಏನೂ ಹಾಕಬೇಡಿ, "ಹಾಗಾದರೆ ಎಡಗಿವಿಗೆ" ಅನ್ನಲೂಬೇಡಿ. ಈ ವಾರದಲ್ಲೇ ಇಎನ್‌ಟಿ ಡಾಕ್ಟರ್ ಹತ್ತಿರ ಕಿವಿ ತೋರಿಸಿ, ಗುಗ್ಗೆ ಇದ್ದರೆ ತೆಗೆಯುತ್ತಾರೆ, ಬೂಷ್ಟು ಇದ್ದರೆ ಹನಿ ಕೊಡುತ್ತಾರೆ. ಅದಾದ ಮೇಲೆ ಆಡಿಯೋಗ್ರಾಂ. ಗದಗದಲ್ಲೇ ಮಾಡಿಸಬಹುದು, ಇಲ್ಲಿಗೆ ಬಂದರೂ ಸರಿ. ಒಂದು ಸೂಚನೆ ಇದೆ. ಕಿವಿ ದಣಿದಿದ್ದರೆ ಪರೀಕ್ಷೆಯ ಗೆರೆ ಇರುವುದಕ್ಕಿಂತ ಕೆಳಗೆ ಬೀಳುತ್ತದೆ. ಹಾಗಾಗಿ ಹಿಂದಿನ ಸಂಜೆಯಿಂದಲೇ ಜೋರು ಸದ್ದಿನಿಂದ ದೂರ ಇರಿ. ಬೆಳಗಿನ ಓಟ ತಪ್ಪಿಸಬೇಡಿ, ಪುಸ್ತಕ ಮಾತ್ರ ಮನೆಯಲ್ಲಿರಲಿ. ಮತ್ತೆ ಬೈಕಿಗೆ ಬರಬೇಡಿ, ಬಸ್ಸಿಗೆ ಬನ್ನಿ, ಇಂಜಿನ್ನಿನಿಂದ ದೂರದ ಸೀಟು ಹಿಡಿದು.